ಗೊತ್ತಿರುವ ಪದವೇ ಕೈಕೊಟ್ಟಾಗ: ಹಳೆಯ ಇಂಗ್ಲಿಷ್ ಕಾಗದ ಓದಲು ಕಲಿತ ಕಿರಿಯ ವಕೀಲೆಯ ಪ್ರಕರಣ

ಹಿನ್ನೆಲೆ

ಈ ಪ್ರಕರಣದಲ್ಲಿ ಬರುವ ಕಲಿಯುವವರನ್ನು ನೀಲಾ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಊರು, ಕಕ್ಷಿದಾರರ ಮನೆತನ, ಆಸ್ತಿಯ ವಿವರ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ತೊಂದರೆ ಕೊಟ್ಟ ಪದಗಳನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ.

ನೀಲಾ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಹುಬ್ಬಳ್ಳಿಯಲ್ಲಿ ಕಾನೂನು ಪದವಿ ಮುಗಿಸಿ, ಧಾರವಾಡದ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿ ಸೇರಿದ್ದರು. ಹುಬ್ಬಳ್ಳಿಯ ಪಿ.ಜಿ.ಯಲ್ಲಿ ವಾಸ, ದಿನಾ ಚಿಗರಿ ಬಸ್ಸಿನಲ್ಲಿ ಓಡಾಟ. ಇಂದಿನ ಇಂಗ್ಲಿಷ್ ಅವರಿಗೆ ಸಾಕಷ್ಟು ಬರುತ್ತಿತ್ತು. ಪತ್ರಿಕೆ ಓದುತ್ತಿದ್ದರು, ಇಮೇಲ್ ಬರೆಯುತ್ತಿದ್ದರು, ಮಾತಾಡಲು ಸ್ವಲ್ಪ ಅಳುಕು ಅಷ್ಟೇ.

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಸಂಜೆ ಹೊತ್ತು ಮನೆಯಲ್ಲೇ ನಾಲ್ಕಾರು ಜನರಿಗೆ ಹೇಳಿಕೊಡುತ್ತೇನೆ. ಇತ್ತೀಚೆಗೆ ಬರುವವರಲ್ಲಿ ಕಿರಿಯ ವಕೀಲರು ಜಾಸ್ತಿ. ಅದಕ್ಕೆ ಕಾರಣವೂ ಇದೆ. ಹೈಕೋರ್ಟಿನ ಪೀಠ 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟಿನ ವ್ಯವಹಾರ ಮಾತ್ರ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್‌ನಲ್ಲಿ. ಮೊದಲು ಬೆಂಗಳೂರಿಗೆ ಹೋಗುತ್ತಿದ್ದ ಫೈಲುಗಳು ಇಲ್ಲಿಯೇ ತೆರೆದುಕೊಂಡವು, ಅವುಗಳ ಜೊತೆ ಇಂಗ್ಲಿಷ್ ಓದುವ ಕೆಲಸವೂ ಬಂತು.

ಇನ್ನೊಂದು ವಿಷಯವನ್ನೂ ಹೇಳಬೇಕು. ನಮ್ಮ ಭಾಗ 1956ರ ನವೆಂಬರ್‌ವರೆಗೆ ಮುಂಬಯಿ ಆಡಳಿತದಲ್ಲಿತ್ತು. ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಹೀಗಾಗಿ ಹಳೆಯ ಮನೆತನಗಳ ಟ್ರಂಕು ತೆಗೆದರೆ ಕನ್ನಡ ಕಾಗದ, ಮೋಡಿ ಲಿಪಿಯ ಮರಾಠಿ ಕಾಗದ, ವ್ಯಾಪಾರಸ್ಥರ ಮನೆಯಾದರೆ ಇಂಗ್ಲಿಷ್ ಕಾಗದ, ಮೂರೂ ಒಂದೇ ಗಂಟಿನಲ್ಲಿ ಸಿಗಬಹುದು. ನೀಲಾ ಅವರ ಕೈಗೆ ಬಂದದ್ದು ಅಂಥದ್ದೇ ಗಂಟು. ಗದಗ ಕಡೆಯ ಒಂದು ಮನೆತನದ ಹತ್ತಿ ವಖಾರದ (ಗೋದಾಮಿನ) ಜಾಗಕ್ಕೆ ಸಂಬಂಧಿಸಿದ್ದು. ಸ್ವಾತಂತ್ರ್ಯಕ್ಕೆ ಮುಂಚಿನ ಒಂದು ವಾಟ್ನಿ ಪತ್ರ (ಆಸ್ತಿ ಪಾಲು ಮಾಡಿಕೊಂಡ ಕಾಗದ), ಒಂದು ಬಾಡಿಗೆ ಕರಾರು, ಒಂದು ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ). ಮೂರೂ ಇಂಗ್ಲಿಷ್‌ನಲ್ಲಿ. ಓದಿ, ಕನ್ನಡದಲ್ಲಿ ಸಾರ ಬರೆದುಕೊಡುವುದು ನೀಲಾ ಅವರ ಕೆಲಸ.

ತೊಡಕು

ಮೊದಲ ಸಂಜೆ ನೀಲಾ ಜೆರಾಕ್ಸ್ ಪ್ರತಿಗಳನ್ನು ನನ್ನ ಮುಂದೆ ಹರವಿದರು.

"ಅಕ್ಕಾರ, ಇದು ಇಂಗ್ಲಿಷ್ ಹೌದೋ ಅಲ್ಲೋ ಅನ್ನೋದ ತಿಳೀವಲ್ದು. ಒಂದ ವಾಕ್ಯ ಅರ್ಧ ಪುಟ ಐತ್ರಿ. ಎಲ್ಲಾ ಹಿಯರ್, ದೇರ್, ವೇರ್ ಅಂತಾವ."

ಆಫೀಸಿನ ಟೈಪಿಸ್ಟ್ ಒಬ್ಬರು ಪ್ರೀತಿಯಿಂದ ಒಂದು ಪಟ್ಟಿ ಮಾಡಿಕೊಟ್ಟಿದ್ದರು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ನೀಲಾ ಅದನ್ನು ಬಾಯಿಪಾಠ ಮಾಡಿದ್ದರು. ಆದರೆ ಪಟ್ಟಿಯಲ್ಲಿ ದೇರ್‌ಆಫ್, ದೇರ್‌ಟು, ದೇರ್‌ಇನ್, ದೇರ್‌ಬೈ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಬರೆದಿತ್ತು. ಯಾವುದು ಯಾವುದೋ ಎಂದು ಕಲಸಿಹೋಗುತ್ತಿತ್ತು. ಫೋನಿನ ಅನುವಾದದ ಆ್ಯಪ್ ಕೂಡ ಬಳಸಿ ನೋಡಿದ್ದರು. ಮುಖತ್ಯಾರ ಪತ್ರದ ಮೊದಲ ಸಾಲು ಹೀಗಿತ್ತು: "ನೋ ಆಲ್ ಮೆನ್ ಬೈ ದೀಸ್ ಪ್ರೆಸೆಂಟ್ಸ್". ಇಲ್ಲಿ ನೋ ಎಂದರೆ ತಿಳಿಯಿರಿ. ಆ್ಯಪ್ ಅದರಲ್ಲಿ ಉಡುಗೊರೆಗಳನ್ನು ಕಂಡಿತು. ನೀಲಾ ಕಾಗದವನ್ನೆಲ್ಲ ಹುಡುಕಿ, "ಇದರಾಗ ಗಿಫ್ಟ್ ಎಲ್ಲೈತ್ರಿ?" ಎಂದು ಕೇಳಿದರು.

ನಕ್ಕು ಮುಂದೆ ಹೋದೆವು. ಆ ಪ್ರಶ್ನೆಯಲ್ಲೇ ಇಡೀ ಪ್ರಕರಣದ ಸುಳಿವು ಇತ್ತು. ಅದು ಇಬ್ಬರಿಗೂ ಹೊಳೆದದ್ದು ಆಮೇಲೆ.

ಮೊದಲ ದಾರಿ: ಕನ್ನಡದ ವಿಭಕ್ತಿಯಿಂದ

ಹಳೆಯ ಪದಗಳನ್ನು ಹೇಳಿಕೊಡುವವರು ಸಾಮಾನ್ಯವಾಗಿ ಇಂದಿನ ಇಂಗ್ಲಿಷ್ ಪದವನ್ನು ಪಕ್ಕಕ್ಕಿಡುತ್ತಾರೆ. ದೇರ್‌ಆಫ್ ಅಂದರೆ "ಆಫ್ ದಟ್", ಹಿಯರ್‌ಇನ್ ಅಂದರೆ "ಇನ್ ದಿಸ್". ತಪ್ಪೇನಿಲ್ಲ. ಆದರೆ ಕನ್ನಡದವರಿಗೆ ಇದು ಸುತ್ತಿನ ದಾರಿ. ಎರಡೂ ಇಂಗ್ಲಿಷೇ, ಎರಡೂ ಪರಭಾಷೆಯೇ. ಹತ್ತಿರದ ದಾರಿ ನಮ್ಮ ಮಾತಿನಲ್ಲೇ ಇದೆ.

ಕನ್ನಡದಲ್ಲಿ ಇ, ಅ, ಎ ಎಂಬ ಮೂರು ಅಕ್ಷರಗಳ ಮೇಲೆ ಎಷ್ಟು ಪದ ನಿಂತಿವೆ ನೋಡಿ. ಇಲ್ಲಿ, ಅಲ್ಲಿ, ಎಲ್ಲಿ. ಇತ್ತ, ಅತ್ತ, ಎತ್ತ. ಇಷ್ಟು, ಅಷ್ಟು, ಎಷ್ಟು. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಹಿಯರ್, ದೇರ್, ವೇರ್ ಮಾಡುವ ಕೆಲಸವೂ ಇದೇ. ಹಿಯರ್ ಎಂದರೆ ಈ ಕಾಗದ. ದೇರ್ ಎಂದರೆ ಈಗತಾನೇ ಹೇಳಿದ ಆ ವಸ್ತು. ಇನ್ನು ಹಿಂದೆ ಅಂಟಿಕೊಂಡಿರುವ ಆಫ್, ಇನ್, ಬೈ, ಟು? ಅವು ವಿಭಕ್ತಿ ಪ್ರತ್ಯಯದ ಜಾಗದಲ್ಲಿ ಕೂತಿವೆ. ದೇರ್‌ಆಫ್ ಎಂದರೆ ಅದರ. ದೇರ್‌ಇನ್ ಎಂದರೆ ಅದರಲ್ಲಿ. ದೇರ್‌ಬೈ ಎಂದರೆ ಅದರಿಂದ. ದೇರ್‌ಟು ಎಂದರೆ ಅದಕ್ಕೆ. ಹಿಯರ್‌ಅಂಡರ್ ಎಂದರೆ ಇದರ ಕೆಳಗೆ. ಹಿಯರ್‌ಇನ್‌ಆಫ್ಟರ್ ಎಂದರೆ ಇದರಲ್ಲಿ ಇನ್ನು ಮುಂದೆ.

ಇಲ್ಲೊಂದು ಮಜಾ ಇದೆ. ಇಂದಿನ ಇಂಗ್ಲಿಷ್‌ನಲ್ಲಿ "ಆಫ್ ದಟ್" ಎನ್ನುವಾಗ ಆಫ್ ಮುಂದೆ ಬರುತ್ತದೆ. ಕನ್ನಡದಲ್ಲಿ ಪ್ರತ್ಯಯ ಹಿಂದೆ ಬರುತ್ತದೆ. ದೇರ್‌ಆಫ್‌ನಲ್ಲೂ ಆಫ್ ಹಿಂದೆಯೇ ಇದೆ. ಅಂದರೆ ಈ ಹಳೆಯ ಜೋಡುಪದಗಳ ಕಟ್ಟು ಇಂದಿನ ಇಂಗ್ಲಿಷ್‌ಗಿಂತ ಕನ್ನಡಕ್ಕೇ ಹತ್ತಿರ. ನೀಲಾ ಟೈಪಿಸ್ಟರ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದರು. ಆ ಸಂಜೆ ಮುಗಿಯುವಷ್ಟರಲ್ಲಿ, ಪಟ್ಟಿಯಲ್ಲಿ ಇಲ್ಲದ ವೇರ್‌ಅಪಾನ್, ಹಿಯರ್‌ಟುಫೋರ್ ಕೂಡ ತಾವೇ ಬಿಡಿಸಿಕೊಂಡರು.

ಕ್ರಿಯಾಪದಗಳಿಗೂ ಇದೇ ದಾರಿ ಹಿಡಿದೆವು. ಕರಾರಿನ ನಡುವೆ "ನೌ ದಿಸ್ ಡೀಡ್ ವಿಟ್ನೆಸ್ಸೆತ್" ಎಂದಿತ್ತು. ಕೊನೆಯ "ಎತ್" ಅವರಿಗೆ ಅಚ್ಚಿನ ತಪ್ಪಿನಂತೆ ಕಂಡಿತ್ತು. ಕನ್ನಡದಲ್ಲಿ ಹೇಳುತ್ತೇನೆ, ಹೇಳುತ್ತೀ, ಹೇಳುತ್ತದೆ ಎಂದು ಕ್ರಿಯಾಪದದ ಬಾಲವೇ ಯಾರು ಎಂಬುದನ್ನು ತಿಳಿಸುತ್ತದೆ. ಇಂಗ್ಲಿಷ್‌ಗೂ ಒಂದು ಕಾಲದಲ್ಲಿ ಇಂಥ ಬಾಲಗಳಿದ್ದವು. ಈಗ ಉಳಿದಿರುವುದು "ಸ್" ಒಂದೇ. ವಿಟ್ನೆಸ್ಸೆತ್ ಎಂದರೆ "ಸಾಕ್ಷಿ ಹೇಳುತ್ತದೆ". ಹ್ಯಾತ್ ಎಂದರೆ ಹ್ಯಾಸ್, ಡತ್ ಎಂದರೆ ಡಸ್.

ಹೀಗೆ ಬಾಲದ ವಿಷಯ ಬಂದಾಗ ನೀಲಾ ಬೇರೆಯೇ ಒಂದು ಪ್ರಶ್ನೆ ಕೇಳಿದರು. ಗೆಳತಿಯೊಬ್ಬರ ಮದುವೆಗೆ ಚರ್ಚಿಗೆ ಹೋಗಿದ್ದರಂತೆ. ಅಲ್ಲಿನ ಪ್ರಾರ್ಥನೆಯಲ್ಲಿ ದೇವರಿಗೆ ದೌ, ದೀ, ದೈ ಎನ್ನುತ್ತಿದ್ದರು. ಅದು ಬಹಳ ಗೌರವದ ಮಾತೇ? ಹೆಚ್ಚಿನ ಕಲಿಯುವವರು ಹಾಗೆಯೇ ಅಂದುಕೊಳ್ಳುತ್ತಾರೆ. ನಿಜ ತಿರುಗಾಮುರುಗಾ ಇದೆ. ದೌ ಎಂದರೆ ನೀನು. ಯೂ ಎಂಬುದೇ ನೀವು. ಮೊದಲು ಯೂ ಬಹುವಚನ, ಆಮೇಲೆ ಗೌರವದ ಏಕವಚನ. ಕೊನೆಗೆ ಎಲ್ಲರಿಗೂ ಯೂ ಎನ್ನುವ ರೂಢಿ ಬಂದು ದೌ ಮೂಲೆ ಸೇರಿತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ದೇವರಿಗೂ ದೌ, ಕಳ್ಳನಿಗೂ ದೌ. ನಮಗೆ ಇದು ವಿಚಿತ್ರ ಅನಿಸಬೇಕಿಲ್ಲ. ವಚನಕಾರರು, ದಾಸರು ಎಷ್ಟೋ ಕಡೆ ದೇವರನ್ನು ನೀನು ಎಂದೇ ಕರೆದರಲ್ವಾ? ನೀಲಾ ಅವರಿಗೆ ದೌ ವಿಷಯದಲ್ಲಿ ಮತ್ತೆ ಏನೂ ಹೇಳಬೇಕಾಗಲಿಲ್ಲ.

ಹೊಸ ತೊಂದರೆ: ಕಲಿತದ್ದನ್ನು ಬಳಸುವ ಆಸೆ

ಹೊಸ ಪದ ಕೈಗೆ ಸಿಕ್ಕರೆ ಬಳಸಬೇಕು ಅನಿಸುವುದು ಸಹಜ. ಭಾಷೆ ಕಲಿಸುವಾಗ ನಾವೇ "ಬಳಸಿ, ಬಳಸಿ" ಎಂದು ಹೇಳುತ್ತಿರುತ್ತೇವೆ. ನೀಲಾ ಬಳಸಿದರು. ಪಿ.ಜಿ. ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ದೂರು ಬರೆದರು. ಮೊದಲ ಸಾಲಿನಲ್ಲಿ ಕೋಣೆಯ ಫ್ಯಾನಿನ ವಿಷಯ, ಎರಡನೆಯ ಸಾಲಿನಲ್ಲಿ "ದಿ ಅಫೋರ್‌ಸೆಡ್ ಫ್ಯಾನ್ ಈಸ್ ನಾಟ್ ವರ್ಕಿಂಗ್". ಮಾಲೀಕರು ಗಾಬರಿಯಾಗಿ ಫೋನ್ ಮಾಡಿ, "ಮೇಡಮ್, ನೋಟಿಸ್ ಕೊಡಾಕತ್ತೀರೇನ್ರಿ?" ಎಂದರಂತೆ. ಫ್ಯಾನು ಅದೇ ದಿನ ರಿಪೇರಿಯಾಯಿತು. ನೀಲಾ ಅವರಿಗೆ ಮಾತ್ರ ಏನು ತಪ್ಪಾಯಿತೆಂದು ತಿಳಿಯಲಿಲ್ಲ. ವ್ಯಾಕರಣ ಸರಿ ಇದೆ, ಅರ್ಥ ಸರಿ ಇದೆ. ಹಾಗಾದರೆ?

"ಅದು ಹಳೆಯ ಪದ, ಬಳಸಬಾರದು" ಎಂದರೆ ಉತ್ತರ ಆಗುವುದಿಲ್ಲ. ಹಳೆಯದು ಎಂದು ಗೊತ್ತಿದ್ದೇ ಅವರು ಬಳಸಿದ್ದರು. ಹಳೆಯದೆಂದರೆ ತೂಕದ ಮಾತು ಎಂದುಕೊಂಡಿದ್ದರು. ನಾನು ಅದೇ ವಾಕ್ಯವನ್ನು ಕನ್ನಡದಲ್ಲಿ ಬರೆದು ತೋರಿಸಿದೆ: "ಸದರಿ ಫ್ಯಾನು ತಿರುಗುತ್ತಿಲ್ಲ." ಅವರು ಜೋರಾಗಿ ನಕ್ಕರು. ಪೊಲೀಸ್ ಪಂಚನಾಮೆಯಲ್ಲಿ, ತಹಶೀಲ್ದಾರರ ಆದೇಶದಲ್ಲಿ ಸದರಿ ಎಂಬ ಪದ ಸಾವಿರ ಸಲ ಬರುತ್ತದೆ. ಅದು ಸತ್ತ ಪದವಲ್ಲ. ಅದಕ್ಕೊಂದು ಮನೆ ಇದೆ, ಅಲ್ಲಿ ಆರಾಮಾಗಿದೆ. ಅಡುಗೆಮನೆಗೆ ಕರೆತಂದರೆ ನಗು ಬರುತ್ತದೆ ಅಷ್ಟೇ.

ಅಂದಿನಿಂದ ನೀಲಾ ನೋಟ್‌ಬುಕ್ಕಿನಲ್ಲಿ ಪದದ ಅರ್ಥದ ಪಕ್ಕ ಮೂರು ಕಲಂ ಹಾಕಿದರು. ಓದಲು, ಬರೆಯಲು, ಆಡಲು. ಅಫೋರ್‌ಸೆಡ್‌ಗೆ ಓದುವ ಕಲಂನಲ್ಲಿ ಗುರುತು, ಬರೆಯುವ ಕಲಂನಲ್ಲಿ "ಪತ್ರಗಳಲ್ಲಿ ಮಾತ್ರ", ಆಡುವ ಕಲಂ ಖಾಲಿ. ಡತ್, ಹ್ಯಾತ್‌ಗಳಿಗೆ ಓದುವ ಕಲಂ ಒಂದೇ. ಫೋರ್ಟ್‌ನೈಟ್ (ಎರಡು ವಾರ) ಎಂಬ ಪದ ಅವರಿಗೆ ಮುದಿ ಪದದಂತೆ ಕಂಡಿತ್ತು. ಅದು ಇಂಗ್ಲೆಂಡಿನಲ್ಲಿ ಇವತ್ತಿಗೂ ದಿನಬಳಕೆಯ ಪದ, ಅಮೆರಿಕದವರು ಮಾತ್ರ ಅಷ್ಟಾಗಿ ಬಳಸುವುದಿಲ್ಲ. ಅದಕ್ಕೆ ಮೂರೂ ಕಲಂನಲ್ಲಿ ಗುರುತು ಬಿತ್ತು.

ಈ ಕಲಂಗಳನ್ನು ತುಂಬುವಾಗ ಒಂದು ಸಂಗತಿ ಸ್ಪಷ್ಟವಾಯಿತು. ಹಳೆಯದು ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಪ್ಲೇಂಟಿಫ್, ಅಂದರೆ ದಾವೆ ಹೂಡಿದವರು, ಎಂಬ ಪದವನ್ನು ತೆಗೆದುಕೊಳ್ಳಿ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಗಟ್ಟಿಯಾಗಿ ನಿಂತಿದೆ, ಕೋರ್ಟಿನ ಹೊರಗೆ ಚಹಾ ಕುಡಿಯುವವರೂ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 1999ರ ಹೊಸ ನಿಯಮಗಳು ಬಂದಾಗ ಅದನ್ನು ತೆಗೆದು ಕ್ಲೇಮಂಟ್ ಎಂದು ಮಾಡಿದರು. "ಡು ದ ನೀಡ್‌ಫುಲ್" (ಅಗತ್ಯವಾದದ್ದನ್ನು ಮಾಡಿ) ಕೂಡ ಹಾಗೆಯೇ. ಅಲ್ಲಿ ಅಜ್ಜಂದಿರ ಕಾಲದ ಮಾತು, ಇಲ್ಲಿ ಪ್ರತಿ ಅರ್ಜಿಯ ಕೊನೆಯ ಸಾಲು. ಅದನ್ನು ತಪ್ಪು ಎಂದು ಕೆಂಪು ಶಾಯಿ ಹಚ್ಚುವ ಶಿಕ್ಷಕರನ್ನು ನಾನು ಒಪ್ಪುವುದಿಲ್ಲ. ಹುಬ್ಬಳ್ಳಿಯ ಕಚೇರಿಗೆ ಬರೆಯುವಾಗ ಅದು ಸರಿಯಾದ ಇಂಗ್ಲಿಷೇ. ಲಂಡನ್ನಿಗೆ ಬರೆಯುವಾಗ ಬೇರೆ ಮಾತು ಹುಡುಕಿಕೊಂಡರಾಯಿತು.

ತಿರುವು: ತಕರಾರಿಲ್ಲದೆ ತೀರಿಕೊಂಡ ಕಾಕಾ

ಇಷ್ಟಾಗುವ ಹೊತ್ತಿಗೆ ನೀಲಾ ವಾಟ್ನಿ ಪತ್ರದ ಕನ್ನಡ ಸಾರವನ್ನು ಬರೆದು ಮುಗಿಸಿದ್ದರು. ಹಿಯರ್, ದೇರ್, ವೇರ್ ಎಲ್ಲ ಸರಿಯಾಗಿದ್ದವು. ಹಿರಿಯ ವಕೀಲರು ಕಕ್ಷಿದಾರರನ್ನು ಕರೆಸಿ, ಅವರ ಮುಂದೆ ಓದಲು ಹೇಳಿದರು. ಕಕ್ಷಿದಾರರ ಜೊತೆ ಮನೆಯ ಹಿರಿಯರೊಬ್ಬರು ಬಂದಿದ್ದರು. ಎಂಬತ್ತು ದಾಟಿದವರು, ಇಂಗ್ಲಿಷ್ ಅಕ್ಷರ ಗೊತ್ತಿಲ್ಲದವರು.

ಮೂವರು ಅಣ್ಣತಮ್ಮಂದಿರ ಕಥೆ ಅದು. ನೀಲಾ ಓದುತ್ತಾ ಹೋಗಿ, "ನಡುವಿನವರು ಯಾವುದೇ ತಕರಾರು ಇಲ್ಲದೆ ತೀರಿಕೊಂಡರು" ಎಂದರು. ಹಿರಿಯರು ತಡೆದರು.

"ಎಲ್ಲೀದರೀ ವಕೀಲ್ರ, ಆ ಕಾಕಾ ಇರೋತನಕ ತಕರಾರ ಮಾಡ್ಕೋತನ ಬಂದಾನ. ತಕರಾರಿಲ್ಲದ ಹೆಂಗ ಸಾಯ್ತಾನ? ಮಕ್ಕಳಿರಲಿಲ್ಲ ನೋಡ್ರಿ ಅವಗ. ಅದನ್ನೇನರ ಬರದಾರೇನು?"

ಹಿರಿಯ ವಕೀಲರು ಕಾಗದ ಎಳೆದುಕೊಂಡು ನೋಡಿದರು. ಅಲ್ಲಿದ್ದದ್ದು "ಡೈಡ್ ವಿದೌಟ್ ಇಶ್ಯೂ". ಇಶ್ಯೂ ಎಂದರೆ ಇಲ್ಲಿ ಸಂತಾನ. ಕಾಕಾ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಅವರ ಪಾಲು ಯಾರ ಕಡೆ ಹೋಯಿತು ಎಂಬ ಪ್ರಶ್ನೆಯ ಮೇಲೆಯೇ ಇಡೀ ವ್ಯಾಜ್ಯ ನಿಂತಿತ್ತು. ಆ ಒಂದು ಪದ ಹಾಗೆಯೇ ಸಾರದಲ್ಲಿ ದಾಟಿ ಹೋಗಿದ್ದರೆ, ವಂಶಾವಳಿ ಬರೆಯುವಾಗ ಎಲ್ಲಿಲ್ಲದ ಗೊಂದಲ ಆಗುತ್ತಿತ್ತು.

ಯಾರೂ ಬೈಯಲಿಲ್ಲ. ಹಿರಿಯ ವಕೀಲರು, "ಇನ್ನೊಮ್ಮೆ ಪೂರಾ ಓದವಾ, ಉಳದ ಕಾಗದನೂ ನೋಡು" ಎಂದಷ್ಟೇ ಹೇಳಿದರು. ನೀಲಾ ಆ ಸಂಜೆ ನನ್ನಲ್ಲಿಗೆ ಬಂದಾಗ ಮುಖ ಸಣ್ಣದಾಗಿತ್ತು. ಅವರು ಕೇಳಿದ ಪ್ರಶ್ನೆ ಮಾತ್ರ ಬಹಳ ಸರಿಯಾಗಿತ್ತು: "ಗೊತ್ತಿಲ್ಲದ ಪದ ಇದ್ದಿದ್ರ ಡಿಕ್ಷನರಿ ನೋಡ್ತಿದ್ದೆ ಅಕ್ಕಾರ. ಇಶ್ಯೂ ನನಗ ಗೊತ್ತೈತಿ. ಗೊತ್ತಿದ್ದ ಪದಾನ ಯಾಕ ನೋಡ್ಲಿ?"

ಈ ಪ್ರಕರಣದಲ್ಲಿ ನಾನು ಮುಖ್ಯ ಎಂದುಕೊಂಡಿರುವುದು ಈ ಪ್ರಶ್ನೆಯನ್ನೇ. ವಿಟ್ನೆಸ್ಸೆತ್‌ನಂಥ ಪದ ತಾನು ಹಳೆಯದು ಎಂದು ಮುಖದ ಮೇಲೇ ಬರೆದುಕೊಂಡಿರುತ್ತದೆ. ಅದು ಓದುವವರನ್ನು ನಿಲ್ಲಿಸುತ್ತದೆ, ಹೆದರಿಸುತ್ತದೆ, ಮೋಸ ಮಾಡುವುದಿಲ್ಲ. ಇಶ್ಯೂ, ಲೆಟ್, ಪ್ರೆಸೆಂಟ್ಸ್ ಇವು ಹಾಗಲ್ಲ. ಇವು ಇಂದಿನ ಬಟ್ಟೆಯಲ್ಲೇ ಬರುತ್ತವೆ. ನಾವೆಲ್ಲ ಕಷ್ಟದ ಪದಗಳ ಪಟ್ಟಿ ಮಾಡಿಕೊಡುತ್ತೇವೆ, ಮತ್ತು ಸುಲಭವಾಗಿ ಕಾಣುವ ಈ ಪದಗಳು ಯಾವ ಪಟ್ಟಿಗೂ ಸೇರುವುದಿಲ್ಲ.

ಎರಡನೇ ದಾರಿ: ಗೊತ್ತಿರುವ ಪದವನ್ನು ಅನುಮಾನಿಸುವುದು

ಮೊದಲು ನೀಲಾ ಅವರಿಗೆ ಇಂಥದ್ದು ಎಲ್ಲ ಭಾಷೆಯಲ್ಲೂ ಇದೆ ಎಂದು ತೋರಿಸಬೇಕಿತ್ತು. ಪಿಯುಸಿಯಲ್ಲಿ ಅವರು ಹಳಗನ್ನಡ ಓದಿದ್ದರು. ಅಲ್ಲಿ ಪುಲಿ ಎಂದರೆ ಹುಲಿ, ಪೋಗು ಎಂದರೆ ಹೋಗು. ಇವು ಕಂಡಕೂಡಲೇ ಹಳೆಯವು ಎಂದು ಗೊತ್ತಾಗುತ್ತದೆ. ಆದರೆ ಕೂಳು? ಹಳೆಯ ಕಾವ್ಯದಲ್ಲಿ ಅದು ಅನ್ನ, ಊಟ. ಇಂದು ಯಾರಿಗಾದರೂ "ಕೂಳು ತಿಂದ್ಯಾ?" ಎಂದರೆ ಜಗಳವೇ ಆಗುತ್ತದೆ. ಪದ ಅದೇ, ಮರ್ಯಾದೆ ಹೋಗಿದೆ. ಇಂದಿನ ಅರ್ಥ ಹಿಡಿದು ಹಳೆಯ ಸಾಲು ಓದಿದರೆ ಕವಿ ಬೈಯುತ್ತಿದ್ದಾನೆ ಎಂದೇ ಅನಿಸುತ್ತದೆ.

ಆಮೇಲೆ ಉಳಿದ ಎರಡು ಕಾಗದಗಳನ್ನು ಹೊಸದಾಗಿ ಕೈಗೆತ್ತಿಕೊಂಡೆವು. ಈ ಸಲ ಕಷ್ಟದ ಪದಗಳನ್ನು ಬಿಟ್ಟು, ಸುಲಭದ ಪದಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಗೆರೆ. ಎಷ್ಟು ಸಿಕ್ಕವು ಎಂದರೆ ನನಗೂ ಆಶ್ಚರ್ಯವಾಯಿತು.

ಬಾಡಿಗೆ ಕರಾರಿನಲ್ಲಿ "ಡತ್ ಹಿಯರ್‌ಬೈ ಡಿಮೈಸ್ ಅನ್‌ಟು ದ ಲೆಸ್ಸೀ" ಎಂದಿತ್ತು. ಡಿಮೈಸ್ ಎಂದರೆ ಸಾವು ಎಂದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಇಲ್ಲಿ ಅದು ಆಸ್ತಿಯನ್ನು ಭೋಗ್ಯಕ್ಕೆ ಕೊಡುವುದು. "ಡಿಮೈಸ್ಡ್ ಪ್ರೆಮಿಸಸ್" ಎಂದರೆ ಬಾಡಿಗೆಗೆ ಕೊಟ್ಟ ಜಾಗ. ನೀಲಾ ತಮ್ಮ ಹಳೆಯ ಟಿಪ್ಪಣಿ ತೆಗೆದು ನೋಡಿದರು. ಅಲ್ಲಿ "ಹಾಳುಬಿದ್ದ ವಖಾರ?" ಎಂದು ಪ್ರಶ್ನೆ ಚಿಹ್ನೆ ಹಾಕಿ ಬರೆದಿದ್ದರು. ಪ್ರೆಮಿಸಸ್‌ನ ಕಥೆ ಇನ್ನೂ ಚೆನ್ನಾಗಿದೆ. ಮೊದಲು ಅದಕ್ಕೂ ಕಟ್ಟಡಕ್ಕೂ ಸಂಬಂಧವೇ ಇರಲಿಲ್ಲ. "ಮೇಲೆ ಹೇಳಿದ ಸಂಗತಿಗಳು" ಎಂದಷ್ಟೇ ಅರ್ಥ. ಆಸ್ತಿ ಪತ್ರಗಳಲ್ಲಿ ಮೇಲೆ ಹೇಳಿದ್ದು ಹೆಚ್ಚಾಗಿ ಮನೆ, ಜಾಗ ಆಗಿರುತ್ತಿತ್ತು. ಬರುಬರುತ್ತಾ ಪದವೇ ಮನೆ, ಜಾಗ ಆಗಿಬಿಟ್ಟಿತು.

ಅದೇ ಕರಾರಿನ ಕೊನೆಯಲ್ಲಿ ಬಾಡಿಗೆದಾರರು ಜಾಗವನ್ನು "ವಿದೌಟ್ ಎನಿ ಲೆಟ್ ಆರ್ ಹಿಂಡ್ರನ್ಸ್" ಅನುಭವಿಸಬಹುದು ಎಂದಿತ್ತು. ಲೆಟ್ ಎಂದರೆ ಬಿಡು, ಅನುಮತಿಸು. ಹಾಗಾದರೆ ಅನುಮತಿ ಇಲ್ಲದೆ ಅನುಭವಿಸುವುದೇ? ಇಲ್ಲಿ ಲೆಟ್ ಎಂದರೆ ಅಡ್ಡಿ. ಬಿಡುವುದಕ್ಕೆ ಪೂರಾ ಉಲ್ಟಾ. ಬಹಳ ಹಿಂದಿನ ಇಂಗ್ಲಿಷ್‌ನಲ್ಲಿ ಇವು ಎರಡು ಬೇರೆ ಬೇರೆ ಪದಗಳು. ಅಡ್ಡಿ ಎಂಬ ಅರ್ಥದ್ದು, ತಡ ಎಂಬ ಅರ್ಥದ ಲೇಟ್‌ನ ನೆಂಟ. ಕಾಲ ಸರಿದಂತೆ ಎರಡರ ಉಚ್ಚಾರವೂ ಕಾಗುಣಿತವೂ ಒಂದೇ ಆದವು. ಅಡ್ಡಿಯ ಲೆಟ್ ಹೆಚ್ಚುಕಡಿಮೆ ಮರೆಯಾಯಿತು, ಬಿಡುವ ಲೆಟ್ ಉಳಿಯಿತು. ಈ ಹಳೆಯ ಲೆಟ್ ನಮ್ಮೆಲ್ಲರ ಪಾಸ್‌ಪೋರ್ಟಿನ ಒಳಪುಟದಲ್ಲೂ ಇದೆ. ರಾಷ್ಟ್ರಪತಿಯವರ ಹೆಸರಿನಲ್ಲಿ ಕೇಳಿಕೊಳ್ಳುವ ಆ ಸಾಲಿನಲ್ಲಿ "ವಿದೌಟ್ ಲೆಟ್ ಆರ್ ಹಿಂಡ್ರನ್ಸ್" ಎಂದು ಅಚ್ಚಾಗಿದೆ. ಎಷ್ಟು ಜನ ಓದಿರುತ್ತಾರೋ!

ಮುಖತ್ಯಾರ ಪತ್ರದ ಉಡುಗೊರೆಗಳೂ ಈಗ ಬಿಡಿಸಿಕೊಂಡವು. "ದೀಸ್ ಪ್ರೆಸೆಂಟ್ಸ್" ಎಂದರೆ ಈಗ ನಿಮ್ಮ ಮುಂದಿರುವ ಈ ಕಾಗದ. ಲ್ಯಾಟಿನ್ ಒಕ್ಕಣೆಯನ್ನು ಹಾಗೆಯೇ ಇಂಗ್ಲಿಷ್ ಮಾಡಿದ್ದರಿಂದ ಬಂದ ಮಾತು. ಇನ್‌ಸ್ಟ್ರುಮೆಂಟ್ ಎಂದರೆ ವಾದ್ಯವೂ ಅಲ್ಲ, ಉಪಕರಣವೂ ಅಲ್ಲ, ಬರವಣಿಗೆಯ ಪತ್ರ. ಚೆಕ್ ಬೌನ್ಸ್ ಕೇಸಿನ 138ನೇ ಕಲಂ ಇರುವ 1881ರ ಕಾಯ್ದೆಯ ಹೆಸರಿನಲ್ಲೇ ಆ ಪದವಿದೆ, ನೀಲಾ ಅದನ್ನು ದಿನಾ ಬಾಯಲ್ಲಿ ಹೇಳುತ್ತಿದ್ದರು. ಎಕ್ಸಿಕ್ಯೂಟ್ ಎಂದರೆ ಬರೆದುಕೊಡುವುದು, ಗಲ್ಲಿಗೇರಿಸುವುದಲ್ಲ. ಕನ್ಸಿಡರೇಶನ್ ಎಂದರೆ ಪ್ರತಿಫಲ. ಇದು ಅವರಿಗೆ 1872ರ ಕರಾರು ಕಾಯ್ದೆಯಿಂದ ಗೊತ್ತಿತ್ತು. "ಫಾರ್ ವಾಂಟ್ ಆಫ್" ಎಂಬಲ್ಲಿ ವಾಂಟ್ ಎಂದರೆ ಕೊರತೆ, ಬಯಕೆಯಲ್ಲ.

ಆದರೆ ಪ್ರತಿ ಪದವನ್ನೂ ಅನುಮಾನಿಸುತ್ತಾ ಕೂತರೆ ಒಂದು ಪುಟಕ್ಕೆ ಒಂದು ವಾರ ಬೇಕು. ಅದಕ್ಕೊಂದು ಲಕ್ಷಣ ಬೇಕಿತ್ತು. ಸಿಕ್ಕ ಪದಗಳನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದಾಗ ಒಂದು ಕಂಡಿತು. ಇಂದಿನ ಬಟ್ಟೆಯಲ್ಲಿ ಬರುವ ಹಳೆಯ ಪದ ತನ್ನ ಅಕ್ಕಪಕ್ಕದಲ್ಲಿ ಸಿಕ್ಕಿಬೀಳುತ್ತದೆ. ಇಂದು ಲೆಟ್ ಹೆಚ್ಚಾಗಿ ಕ್ರಿಯಾಪದ. "ಎನಿ" ಆದಮೇಲೆ ಅದು ಬಂದರೆ ಏನೋ ಬೇರೆ ಇದೆ. ತಕರಾರಿನ ಇಶ್ಯೂ ಆಗಿದ್ದರೆ "ವಿದೌಟ್ ಎನಿ ಇಶ್ಯೂ" ಎಂದೋ "ಇಶ್ಯೂಸ್" ಎಂದೋ ಬರುತ್ತದೆ, ಬರಿಯ "ವಿದೌಟ್ ಇಶ್ಯೂ" ಎಂದು ಬರುವುದು ಕಡಿಮೆ. ಸಾವಿನ ಡಿಮೈಸ್ ನಾಮಪದ, ಯಾರೂ ಯಾರಿಗೂ ಅದನ್ನು "ಮಾಡಿಕೊಡುವುದಿಲ್ಲ". ಅಂದರೆ ಗೊತ್ತಿರುವ ಪದ ಗೊತ್ತಿಲ್ಲದ ಜಾಗದಲ್ಲಿ ಕೂತಿದ್ದರೆ ನಿಲ್ಲಬೇಕು, ದೊಡ್ಡ ನಿಘಂಟು ತೆಗೆಯಬೇಕು. ತೆಗೆದಮೇಲೆ ಮೊದಲ ಅರ್ಥ ಓದಿ ಮುಚ್ಚಬಾರದು. ಹಳೆಯದು, ಕಾನೂನಿನದು ಎಂದು ಗುರುತು ಹಾಕಿದ ಅರ್ಥಗಳು ಹೆಚ್ಚಾಗಿ ಕೊನೆಯಲ್ಲಿರುತ್ತವೆ. ಫೋನಿನಲ್ಲಿ ಬೆರಳು ಸರಿಸದೆ ಬಿಟ್ಟರೆ ಅವು ಕಾಣುವುದೇ ಇಲ್ಲ.

ಎರಡನೆಯ ಲಕ್ಷಣವನ್ನು ಹೇಳಿಕೊಟ್ಟದ್ದು ಆ ಎಂಬತ್ತು ದಾಟಿದ ಹಿರಿಯರು. ವಾಕ್ಯ ಲೋಕದಲ್ಲಿ ನಡೆಯುವಂಥದ್ದೇ ಎಂದು ಕೇಳಿಕೊಳ್ಳುವುದು. ತಕರಾರಿಲ್ಲದೆ ಸಾಯುವುದನ್ನು ವಾಟ್ನಿ ಪತ್ರದಲ್ಲಿ ಯಾರು ಬರೆಸುತ್ತಾರೆ? ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ವಾಟ್ನಿ ಪತ್ರ ಗೊತ್ತಿತ್ತು. ನೀಲಾ ಅವರಿಗೂ ಗೊತ್ತಿತ್ತು. ಅವರ ಮನೆಯಲ್ಲೂ ವಾಟ್ನಿ ಆಗಿದೆ, ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಏರಿಸಲು ಅಪ್ಪನ ಜೊತೆ ಓಡಾಡಿದ್ದಾರೆ. ಇಂಗ್ಲಿಷ್ ಕಾಗದ ಕೈಗೆ ಬಂದಕೂಡಲೇ ಆ ತಿಳುವಳಿಕೆಯನ್ನು ಬದಿಗಿಟ್ಟು, ಬರೀ ಪದಗಳ ಹಿಂದೆ ಓಡಿದ್ದರು. ಇದು ನಾನು ಬಹಳ ಕಲಿಯುವವರಲ್ಲಿ ಕಂಡಿರುವ ರೂಢಿ. ಕನ್ನಡದಲ್ಲಿ ಓದಿದರೆ "ಇದು ಹೆಂಗಾಗ್ತೈತಿ?" ಎಂದು ಕೇಳುವವರು, ಇಂಗ್ಲಿಷ್‌ನಲ್ಲಿದ್ದರೆ ಹಾಗೇ ಇರಬೇಕು ಎಂದು ಒಪ್ಪಿಕೊಂಡುಬಿಡುತ್ತಾರೆ.

ಏನಾಯಿತು

ನೀಲಾ ಮೂರೂ ಕಾಗದಗಳ ಸಾರವನ್ನು ಹೊಸದಾಗಿ ಬರೆದರು. ಈ ಸಲ ಅವರೇ ಕೇ‍ಳಿಕೊಂಡು ಆ ಹಿರಿಯರನ್ನು ಮತ್ತೆ ಕರೆಸಿ, ಅವರ ಮುಂದೆ ಗಟ್ಟಿಯಾಗಿ ಓದಿದರು. ಹಿರಿಯರು ಒಂದೇ ಕಡೆ ತಡೆದರು, ಅದೂ ವಖಾರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಒಂದು ಹೆಸರಿಗಾಗಿ. ಇಂಗ್ಲಿಷ್ ಕಾಗದದಲ್ಲೇ ಆ ಹೆಸರನ್ನು ಹೇಗೋ ಬರೆದಿದ್ದರು. ಹಿರಿಯ ವಕೀಲರು ಈಗ ಇಂಗ್ಲಿಷ್‌ನ ಹಳೆಯ ಗಂಟು ಬಂದರೆ ಮೊದಲು ನೀಲಾ ಅವರ ಮೇಜಿಗೆ ಕಳಿಸುತ್ತಾರೆ. ವ್ಯಾಜ್ಯ ಇನ್ನೂ ನಡೆಯುತ್ತಿದೆ, ಅದರ ಬಗ್ಗೆ ಹೇಳುವುದು ಸರಿಯಲ್ಲ.

ಒಂದು ವಿಷಯ ಬಗೆಹರಿಯಲಿಲ್ಲ. ಪತ್ರ ತಯಾರಿಸುವಾಗ ನೀಲಾ ಸರಳವಾದ ಇಂಗ್ಲಿಷ್ ಬರೆದರೆ ಹಿರಿಯ ವಕೀಲರು ಹಿಯರ್‌ಇನ್‌ಆಫ್ಟರ್, ವೇರ್‌ಆಸ್ ಸೇರಿಸಿ ವಾಪಸ್ ಕೊಡುತ್ತಾರೆ. "ಈ ಒಕ್ಕಣಿ ಕೋರ್ಟ್‌ನ್ಯಾಗ ನಿಂತು ಬಂದದ್ದು, ಬದಲಿ ಮಾಡೂದು ಬ್ಯಾಡ" ಎನ್ನುತ್ತಾರೆ. ಅವರ ಮಾತಿನಲ್ಲಿ ತಿರುಳಿಲ್ಲ ಎನ್ನಲಾರೆ. ಅರ್ಥ ಒಮ್ಮೆ ಗಟ್ಟಿಯಾಗಿ ನಿಂತ ಪದವನ್ನು ಕದಲಿಸಲು ವಕೀಲರು ಹೆದರುತ್ತಾರೆ. ಆದರೂ ಹೊಸ ಬಾಡಿಗೆ ಕರಾರಿನಲ್ಲಿ ವಿಟ್ನೆಸ್ಸೆತ್ ಇರಲೇಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ನೀಲಾ ಸದ್ಯಕ್ಕೆ ಆಫೀಸಿನ ಪತ್ರಗಳಲ್ಲಿ ಆಫೀಸಿನ ಒಕ್ಕಣೆ, ತಮ್ಮ ಪತ್ರಗಳಲ್ಲಿ ತಮ್ಮ ಇಂಗ್ಲಿಷ್ ಎಂದು ನಡೆದುಕೊಂಡಿದ್ದಾರೆ. ಜೂನಿಯರ್ ಇದಕ್ಕಿಂತ ಜಾಸ್ತಿ ಏನು ಮಾಡಲಾದೀತು?

ಕಲಿಸುವವರಿಗೆ

ಈ ಪ್ರಕರಣದ ನಂತರ ನನ್ನ ಪಾಠದ ಕ್ರಮ ಬದಲಾಗಿದೆ. ಹಳೆಯ ಇಂಗ್ಲಿಷ್ ಕಾಗದ ಓದಲು ಬರುವವರಿಗೆ ಮೊದಲ ವಾರ ಇಶ್ಯೂ, ಲೆಟ್, ಪ್ರೆಸೆಂಟ್ಸ್, ಡಿಮೈಸ್, ವಾಂಟ್, ಎಕ್ಸಿಕ್ಯೂಟ್, ಇನ್‌ಸ್ಟ್ರುಮೆಂಟ್. ಅರ್ಥ ಮೊದಲೇ ಹೇಳುವುದಿಲ್ಲ. ಅವು ಇರುವ ವಾಕ್ಯ ಕೊಟ್ಟು ಕನ್ನಡದಲ್ಲಿ ಬರೆಯಿರಿ ಎನ್ನುತ್ತೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿಸುತ್ತೇನೆ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ, ಏಕೆಂದರೆ ತಮ್ಮ ಕನ್ನಡ ತಮಗೇ ಕೇಳಿಸಿದಾಗ ಅವರು ತಾವಾಗಿ ನಿಲ್ಲುತ್ತಾರೆ. ಎರಡನೇ ವಾರ ಹಿಯರ್, ದೇರ್, ವೇರ್. ಅದಕ್ಕೆ ಒಂದು ಸಂಜೆ ಸಾಕು. ಹ್ಯಾತ್, ಡತ್, ದೌ ಕೇಳಿದರೆ ಮಾತ್ರ.

ಮೂರು ಕಲಂನ ನೋಟ್‌ಬುಕ್ಕನ್ನು ಮೊದಲ ದಿನವೇ ಹಾಕಿಸುತ್ತೇನೆ. ಕಳೆದ ತಿಂಗಳು ಬಂದ ಒಬ್ಬ ಹುಡುಗ ನಾಲ್ಕನೆಯ ಕಲಂ ಬೇಕು ಎಂದ. ಯಾಕಪ್ಪಾ ಎಂದರೆ, "ಸಾಹೇಬ್ರ ಮುಂದ ಮಾತ್ರ ಅಂತ ಒಂದ ಇರ್ಲಿ ಅಕ್ಕಾರ" ಎಂದ. ಹಾಕಿಕೊಂಡಿದ್ದಾನೆ, ಪ್ಲೀಡ್ ಮತ್ತು ಪ್ರೇ ಅದರಲ್ಲಿವೆ.